ಓಪಿಯಾಯ್ಡ್ ಡೋಸ್ ಬದಲಾಯಿಸುವ ಲೆಕ್ಕಕ್ಕೆ ಒಂದು ಮೊಬೈಲ್ ಆ್ಯಪ್ ಕಟ್ಟಿದ್ದು

ಗುಣಾಕಾರ, ಭಾಗಾಕಾರ ಮಾಡುವ ಆ್ಯಪ್ ಬರೆಯೋದಕ್ಕೆ ಒಂದು ಮಧ್ಯಾಹ್ನ ಸಾಕು. ಇದರಲ್ಲೂ ಗುಣಾಕಾರದ ಭಾಗ ಅಷ್ಟೇ ಹೊತ್ತಿನಲ್ಲಿ ಮುಗಿಯಿತು. ಉಳಿದ ಸಮಯವೆಲ್ಲ ಹೋದದ್ದು ಆ್ಯಪ್ ಎಲ್ಲೆಲ್ಲಿ ಉತ್ತರ ಕೊಡಬಾರದು ಅಂತ ಗೊತ್ತುಮಾಡುವುದಕ್ಕೆ.

ಕೆಲಸ ಏನು ಅಂತ ಮೊದಲು ಹೇಳುತ್ತೇನೆ. ತೀವ್ರ ನೋವಿಗೆ, ಅದರಲ್ಲೂ ಕ್ಯಾನ್ಸರ್ ನೋವಿಗೆ, ಮಾರ್ಫಿನ್ ಮತ್ತು ಅದರ ಬಳಗದ ಔಷಧಿಗಳನ್ನು ಕೊಡುತ್ತಾರೆ. ಈ ಬಳಗಕ್ಕೆ ಓಪಿಯಾಯ್ಡ್ ಅಂತ ಹೆಸರು. ಕೆಲವು ಸಲ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಶುರು ಮಾಡಬೇಕಾಗುತ್ತದೆ. ರೋಗಿಗೆ ಮಾತ್ರೆ ನುಂಗೋಕೆ ಆಗದೆ ಇರಬಹುದು. ಕಿಡ್ನಿ ಸರಿಯಾಗಿ ಕೆಲಸ ಮಾಡದೆ, ಮಾರ್ಫಿನ್ ಒಡೆದು ಆಗುವ ವಸ್ತುಗಳು ಮೈಯಲ್ಲೇ ಉಳಿಯುತ್ತಿರಬಹುದು. ತೂಕಡಿಕೆ, ವಾಂತಿ, ಗೊಂದಲ ಜಾಸ್ತಿ ಆಗಿರಬಹುದು. ಆಗ ಹಳೆಯ ಔಷಧಿಯ ಡೋಸ್‌ಗೆ ಸಮನಾದ ಹೊಸ ಔಷಧಿಯ ಡೋಸ್ ಎಷ್ಟು ಅಂತ ಡಾಕ್ಟರು ಕೇಸ್ ಶೀಟ್‌ನ ಅಂಚಿನಲ್ಲೇ ಲೆಕ್ಕ ಹಾಕುತ್ತಾರೆ.

ಪ್ಯಾಲಿಯೇಟಿವ್ ಕೇರ್‌ನಲ್ಲಿ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ವಿಭಾಗದಲ್ಲಿ, ಡಾಕ್ಟರ್ ಆಗಿರುವ ಗೆಳತಿಯೊಬ್ಬಳು ಈ ಆ್ಯಪ್ ಕೇಳಿದ್ದು. "ಲೆಕ್ಕ ಏನು ಕಷ್ಟ ಇಲ್ಲ ಕಣೋ. ರಾತ್ರಿ ಡ್ಯೂಟಿಯಲ್ಲಿ, ಮೂರು ಕಡೆಯಿಂದ ಫೋನ್ ಬರ್ತಿರುವಾಗ ಮಾಡೋದು ಕಷ್ಟ" ಅಂದಳು. ಕೋಡ್ ನನ್ನದು. ವೈದ್ಯಕೀಯ ತೀರ್ಮಾನಗಳೆಲ್ಲ ಅವಳದು ಮತ್ತು ಅವಳ ಜೊತೆ ಕೆಲಸ ಮಾಡುವ ಫಾರ್ಮಸಿಸ್ಟ್ ಒಬ್ಬರದು. ಈ ಬರಹ ಆ್ಯಪ್ ಕಟ್ಟುವವರಿಗೆ. ಇಲ್ಲಿರುವ ಸಂಖ್ಯೆ ನೋಡಿ ಯಾರೂ ತಮ್ಮ ಅಥವಾ ಮನೆಯವರ ಮಾತ್ರೆ ಬದಲಾಯಿಸಬಾರದು.

ಮೊದಲು ಕಾಗದದ ಮೇಲೆ

ಕೋಡ್ ಮುಟ್ಟುವ ಮೊದಲು ಒಂದು ಉದಾಹರಣೆಯನ್ನು ಕೈಯಲ್ಲೇ ಬಿಡಿಸಿದೆವು. ರೋಗಿ ನಿಧಾನವಾಗಿ ಬಿಡುಗಡೆಯಾಗುವ ಮಾರ್ಫಿನ್ ಮಾತ್ರೆಯನ್ನು 30 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ತೆಗೆದುಕೊಳ್ಳುತ್ತಿದ್ದಾರೆ. ನಡುನಡುವೆ ನೋವು ಎದ್ದಾಗ 10 ಮಿಲಿಗ್ರಾಂನ ಸಾದಾ ಮಾತ್ರೆ, ಕಳೆದ 24 ಗಂಟೆಯಲ್ಲಿ ಮೂರು ಸಲ. ಒಟ್ಟು 60 ಮತ್ತು 30, ಅಂದರೆ 90 ಮಿಲಿಗ್ರಾಂ.

ಇದನ್ನು ಆಕ್ಸಿಕೋಡೋನ್‌ಗೆ ಬದಲಾಯಿಸಬೇಕು. ಬಾಯಿಂದ ಕೊಡುವ ಆಕ್ಸಿಕೋಡೋನ್ ಮಾರ್ಫಿನ್‌ಗಿಂತ ಒಂದೂವರೆ ಪಟ್ಟು ಬಲ ಅಂತ ಹಿಡಿದರೆ 90 ಭಾಗಿಸು 1.5, ಅಂದರೆ 60 ಮಿಲಿಗ್ರಾಂ. ಇಷ್ಟಕ್ಕೇ ನಿಲ್ಲಿಸುವ ಹಾಗಿಲ್ಲ. ಒಂದು ಓಪಿಯಾಯ್ಡ್‌ಗೆ ಮೈ ಒಗ್ಗಿಕೊಂಡಿದ್ದರೂ ಇನ್ನೊಂದಕ್ಕೆ ಅಷ್ಟೇ ಒಗ್ಗಿರುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಶೇಕಡ 25ರಿಂದ 50ರಷ್ಟು ಕಡಿತ ಮಾಡುತ್ತಾರೆ. ಈಗ ದಿನಕ್ಕೆ 30ರಿಂದ 45 ಮಿಲಿಗ್ರಾಂ ಆಯಿತು. 12 ಗಂಟೆಗೊಮ್ಮೆ ಕೊಟ್ಟರೆ ಪ್ರತಿ ಡೋಸ್ 15ರಿಂದ 22.5 ಮಿಲಿಗ್ರಾಂ. ಸ್ಟಾಕ್‌ನಲ್ಲಿ 10 ಮತ್ತು 20ರ ಮಾತ್ರೆ ಮಾತ್ರ ಇದ್ದರೆ 20 ಮಿಲಿಗ್ರಾಂ ದಿನಕ್ಕೆರಡು ಸಲ. ನೋವು ಎದ್ದಾಗ ಕೊಡುವ ಡೋಸ್ ದಿನದ ಒಟ್ಟಿನ ಶೇಕಡ 10ರಿಂದ 15, ಅಂದರೆ 4ರಿಂದ 6. ಹಾಗಾಗಿ 5 ಮಿಲಿಗ್ರಾಂ.

ಈ ಕಾಗದ ನೋಡುತ್ತಿದ್ದಂತೆ ಒಂದು ವಿಷಯ ಸ್ಪಷ್ಟವಾಯಿತು. ಇಲ್ಲಿ ಗಣಿತ ಅಂತ ಇರುವುದು ಎರಡು ಸಾಲು. ಉಳಿದದ್ದೆಲ್ಲ ಯಾರೋ ಆಯ್ಕೆ ಮಾಡಿದ್ದು: ಒಂದೂವರೆ ಪಟ್ಟು ಅನ್ನೋದು, ಕಡಿತ ಎಷ್ಟು ಅನ್ನೋದು, ಮೇಲಕ್ಕೆ ಹೋಗಬೇಕೋ ಕೆಳಕ್ಕೋ ಅನ್ನೋದು. ಪರದೆಯ ಮೇಲೆ ಬರೀ "20 ಮಿಲಿಗ್ರಾಂ" ಅಂತ ದಪ್ಪಕ್ಷರದಲ್ಲಿ ತೋರಿಸಿದರೆ ಈ ಆಯ್ಕೆಗಳೆಲ್ಲ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಮೊದಲ ನಿಯಮ: ಉತ್ತರದ ಜೊತೆ ಪೂರ್ತಿ ಲೆಕ್ಕ, ಸಾಲು ಸಾಲಾಗಿ, ಮಡಚಿಡದೆ ತೋರಿಸಬೇಕು. ಡಾಕ್ಟರು ಕಾಗದದ ಮೇಲೆ ಬರೆಯುತ್ತಿದ್ದ ಕ್ರಮದಲ್ಲೇ.

ಕೋಷ್ಟಕಗಳ ಜಗಳ

ಯಾವ ಔಷಧಿ ಯಾವುದಕ್ಕೆ ಎಷ್ಟು ಸಮ ಅಂತ ಹೇಳುವ ಕೋಷ್ಟಕಗಳು ಬೇಕಾದಷ್ಟಿವೆ. ಒಂದಕ್ಕೊಂದು ಒಪ್ಪುವುದಿಲ್ಲ. ಕಾರಣ ಹಳೆಯದು. ಮೊದಲಿನ ಅನುಪಾತಗಳು ಹೆಚ್ಚಾಗಿ ಒಂದೇ ಒಂದು ಡೋಸ್ ಕೊಟ್ಟು ಅಳೆದ ಅಧ್ಯಯನಗಳಿಂದ ಬಂದವು. ತಿಂಗಳುಗಟ್ಟಲೆ ಔಷಧಿ ತೆಗೆದುಕೊಳ್ಳುವವರ ಮೈ ಬೇರೆ ಥರ ನಡೆದುಕೊಳ್ಳುತ್ತದೆ. ಮಾರ್ಫಿನ್‌ನದೇ ನೋಡಿ. ಒಂದೇ ಡೋಸ್‌ನ ಅಧ್ಯಯನದಲ್ಲಿ ಬಾಯಿಂದ ಕೊಟ್ಟದ್ದಕ್ಕೂ ಇಂಜೆಕ್ಷನ್‌ಗೂ 6:1 ಅಂತ ಬಂದಿತ್ತು, ಅಂದರೆ ಇಂಜೆಕ್ಷನ್‌ನ 1 ಮಿಲಿಗ್ರಾಂಗೆ ಬಾಯಿಂದ 6. ಮತ್ತೆ ಮತ್ತೆ ಕೊಡುವಾಗ 3:1 ಅಂತ ಹಿಡಿಯುತ್ತಾರೆ. ಕೆಲವು ಕಡೆ ಚರ್ಮದಡಿಯ ಇಂಜೆಕ್ಷನ್‌ಗೆ 2:1 ಬಳಸುತ್ತಾರೆ.

ಆ್ಯಪ್‌ಗಳ ಕಥೆ ಇನ್ನೂ ಬೇರೆ. 2013ರಲ್ಲಿ ಡ್ರಗ್ ಸೇಫ್ಟಿ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಆಗ ಸಿಗುತ್ತಿದ್ದ 23 ಓಪಿಯಾಯ್ಡ್ ಆ್ಯಪ್‌ಗಳನ್ನು ಹೋಲಿಸಿ ನೋಡಿತ್ತು. ಸುಮಾರು ಅರ್ಧದಷ್ಟರಲ್ಲಿ ವೈದ್ಯಕೀಯ ವೃತ್ತಿಯವರು ಕೈಹಾಕಿದ್ದಾರೆ ಅನ್ನುವ ಮಾತೇ ಇರಲಿಲ್ಲ. ಅನುಪಾತ ಎಲ್ಲಿಂದ ಬಂತು ಅಂತ ಮೂಲ ಹೇಳಿದ್ದೂ ಅರ್ಧದಷ್ಟೇ. ಒಂದೇ ಪ್ರಶ್ನೆಗೆ ಬೇರೆ ಬೇರೆ ಆ್ಯಪ್ ಬೇರೆ ಬೇರೆ ಉತ್ತರ ಕೊಟ್ಟವು. ಇದನ್ನು ಓದಿದ ಮೇಲೆ ನಮ್ಮ ಕೋಷ್ಟಕದ ಪ್ರತಿ ಸಾಲಿಗೂ ಮೂಲ ಮತ್ತು ದಿನಾಂಕದ ಜಾಗ ಸೇರಿಸಿದೆ. ಆ ಎರಡು ಜಾಗ ಖಾಲಿ ಇದ್ದರೆ ಆ್ಯಪ್ ಬಿಲ್ಡ್ ಆಗುವುದೇ ಇಲ್ಲ.

ಅಮೆರಿಕದ ಸಿಡಿಸಿಯ (ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ಪಟ್ಟಿಯೂ ಕೈಗೆ ಬಂತು. ಪ್ರತಿ ಔಷಧಿಗೂ ಒಂದೊಂದು ಗುಣಕ. ಕೋಡೀನ್ 0.15, ಆಕ್ಸಿಕೋಡೋನ್ 1.5, ಹೈಡ್ರೋಮಾರ್ಫೋನ್ 5, ಹೀಗೆ. ಪ್ರೋಗ್ರಾಮರ್ ಕಣ್ಣಿಗೆ ಇದು ತುಂಬಾ ಚಂದ. ಒಂದು ಔಷಧಿಗೆ ಒಂದು ಸಂಖ್ಯೆ, ಎಲ್ಲವೂ ಮಾರ್ಫಿನ್ ಎಂಬ ಜಂಕ್ಷನ್ ಮೂಲಕ ಹೋಗಿ ಬರುತ್ತವೆ. ಹತ್ತು ಔಷಧಿಗೆ ಹತ್ತು ಸಂಖ್ಯೆ ಸಾಕು. ಸಮಸ್ಯೆ ಏನೆಂದರೆ, ಈ ಗುಣಕಗಳನ್ನು ಒಂದು ಓಪಿಯಾಯ್ಡ್‌ನಿಂದ ಇನ್ನೊಂದಕ್ಕೆ ಬದಲಾಯಿಸಲು ಬಳಸಬೇಡಿ ಅಂತ ಸಿಡಿಸಿಯೇ ಹೇಳುತ್ತದೆ. ಅವು ಇರೋದು ದಿನಕ್ಕೆ ಒಟ್ಟು ಎಷ್ಟು ಬಿತ್ತು, ಅಪಾಯ ಎಷ್ಟು ಅಂತ ಅಳೆಯೋದಕ್ಕೆ.

ಎರಡೂ ಒಂದೇ ಗಣಿತ ಅಲ್ವಾ ಅಂತ ನನಗೂ ಅನ್ನಿಸಿತ್ತು. ಹೈಡ್ರೋಮಾರ್ಫೋನ್ ಉದಾಹರಣೆ ಹಾಕಿದಾಗ ವ್ಯತ್ಯಾಸ ಕಂಡಿತು. 2016ರ ಪಟ್ಟಿಯಲ್ಲಿ ಅದರ ಗುಣಕ 4 ಇತ್ತು, 2022ರಲ್ಲಿ 5 ಆಯಿತು. ರೋಗಿ ದಿನಕ್ಕೆ 12 ಮಿಲಿಗ್ರಾಂ ಹೈಡ್ರೋಮಾರ್ಫೋನ್ ತೆಗೆದುಕೊಳ್ಳುತ್ತಿದ್ದಾರೆ ಅನ್ನಿ. ಹಳೆಯ ಗುಣಕದಲ್ಲಿ 48, ಹೊಸದರಲ್ಲಿ 60. ಅಪಾಯ ಅಳೆಯುವಾಗ 60 ಅನ್ನೋದು ಎಚ್ಚರಿಕೆಯ ಕಡೆಗಿದೆ. ಜಾಸ್ತಿ ಇದೆ ಅಂತ ತಿಳಿದರೆ ಡಾಕ್ಟರು ಹುಷಾರಾಗಿರುತ್ತಾರೆ. ಅದೇ ರೋಗಿಗೆ ಮಾರ್ಫಿನ್ ಶುರು ಮಾಡಬೇಕಾದರೆ? 60 ಅನ್ನೋದು ಈಗ ಕೊಡಬೇಕಾದ ಔಷಧಿಯ ಪ್ರಮಾಣ. ಎಚ್ಚರಿಕೆಯ ಸಂಖ್ಯೆ ತಿರುಗಿ ನಿಂತು ಅಪಾಯದ ಸಂಖ್ಯೆ ಆಯಿತು.

ಟ್ರಮಡಾಲ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 2016ರಲ್ಲಿ 0.1, 2022ರಲ್ಲಿ 0.2. ದಿನಕ್ಕೆ 400 ಮಿಲಿಗ್ರಾಂ ಟ್ರಮಡಾಲ್ ತೆಗೆದುಕೊಳ್ಳುವವರಿಗೆ ಸಮನಾದ ಮಾರ್ಫಿನ್ 40 ಆಗಬಹುದು, 80 ಕೂಡ ಆಗಬಹುದು.

ಹಾಗಾಗಿ ಆ್ಯಪ್ ಎರಡು ಹೋಳಾಯಿತು. ಒಂದು ಪರದೆ ದಿನದ ಒಟ್ಟು ಮಾರ್ಫಿನ್ ಸಮಾನ ಪ್ರಮಾಣ ಅಳೆಯುವುದಕ್ಕೆ. 50 ದಾಟಿದರೆ ಲಾಭ, ಅಪಾಯ ಎರಡನ್ನೂ ಮತ್ತೆ ತೂಗಿ ನೋಡಿ ಅನ್ನುವ ಸಿಡಿಸಿ ಸೂಚನೆ ಅಲ್ಲಿ ಬರುತ್ತದೆ. ಆ ಮಾರ್ಗಸೂಚಿ ಕ್ಯಾನ್ಸರ್ ನೋವಿಗೂ ಪ್ಯಾಲಿಯೇಟಿವ್ ಕೇರ್‌ಗೂ ಅನ್ವಯಿಸುವುದಿಲ್ಲ ಅನ್ನುವ ಸಾಲೂ ಅದರ ಜೊತೆಯಲ್ಲೇ ಇದೆ. ಇನ್ನೊಂದು ಪರದೆ ಔಷಧಿ ಬದಲಾಯಿಸುವುದಕ್ಕೆ. ಎರಡಕ್ಕೂ ಬೇರೆ ಬೇರೆ ಕೋಷ್ಟಕ, ಬೇರೆ ಬೇರೆ ಬಣ್ಣ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಕಳಿಸುವ ಬಟನ್ ಇಲ್ಲ. ಇದು ಬೇಕು ಅಂತ ಪರೀಕ್ಷಿಸಿದವರಲ್ಲಿ ಒಬ್ಬರು ಒತ್ತಾಯಿಸಿದರು. ಕೊಡಲಿಲ್ಲ.

ಹೋಗುವ ದಾರಿ, ಬರುವ ದಾರಿ

ಬದಲಾಯಿಸುವ ಕೋಷ್ಟಕದಲ್ಲಿ ಜಂಕ್ಷನ್ ತೆಗೆದುಹಾಕಿ ಜೋಡಿಗಳನ್ನು ಇಟ್ಟೆ. ಪ್ರತಿ ಸಾಲಿನಲ್ಲೂ ಯಾವ ಔಷಧಿಯಿಂದ, ಯಾವ ಔಷಧಿಗೆ, ಬಾಯಿಯೋ ಇಂಜೆಕ್ಷನ್ನೋ ಚರ್ಮಕ್ಕೆ ಅಂಟಿಸುವ ಪ್ಯಾಚೋ, ಅನುಪಾತ ಎಷ್ಟು ಅಂತ ಇರುತ್ತದೆ. ಸಾಲಿಗೆ ಒಂದೇ ದಿಕ್ಕು. ತಿರುಗಿಸಿ ಲೆಕ್ಕ ಹಾಕುವ ಫಂಕ್ಷನ್ ಕೋಡ್‌ನಲ್ಲೇ ಇಲ್ಲ. ವಾಪಸ್ ಬರಬೇಕಾದರೆ ಅದಕ್ಕೆ ಬೇರೆ ಸಾಲು ಬೇಕು. ಇಲ್ಲದಿದ್ದರೆ "ಈ ದಿಕ್ಕಿಗೆ ಅನುಪಾತ ಇಲ್ಲ" ಅಂತ ಬರುತ್ತದೆ.

ಇದು ಅತಿ ಅನ್ನಿಸಬಹುದು. ಆದರೆ ಹೈಡ್ರೋಮಾರ್ಫೋನ್‌ನಲ್ಲಿ ಎರಡು ದಿಕ್ಕಿಗೆ ಎರಡು ಸಂಖ್ಯೆ ನಿಜವಾಗಿಯೂ ಬಳಕೆಯಲ್ಲಿವೆ. ಮಾರ್ಫಿನ್‌ನಿಂದ ಅದಕ್ಕೆ ಹೋಗುವಾಗ ಸುಮಾರು 5:1, ಅದರಿಂದ ಮಾರ್ಫಿನ್‌ಗೆ ಬರುವಾಗ ಸುಮಾರು 3.7:1. ಎರಡೂ ಕಡೆ ಹೊಸ ಔಷಧಿಯ ಡೋಸ್ ಕಡಿಮೆಯಾಗುವ ಹಾಗೆಯೇ ಇದೆ.

ಫೆಂಟನಿಲ್ ಅನ್ನುವ ತುಂಬಾ ಬಲವಾದ ಓಪಿಯಾಯ್ಡ್‌ನ ಪ್ಯಾಚ್ ಬಂದಾಗ ಈ ವಿನ್ಯಾಸಕ್ಕೆ ಪೂರ್ತಿ ಬೆಲೆ ಬಂತು. ಪ್ಯಾಚ್‌ನ ಅಮೆರಿಕನ್ ಲೇಬಲ್‌ನಲ್ಲಿ, ಅಂದರೆ ಔಷಧಿಯ ಜೊತೆ ಬರುವ ಅಧಿಕೃತ ಬಳಕೆಯ ವಿವರದಲ್ಲಿ, ಒಂದು ಕೋಷ್ಟಕ ಇದೆ. ಬಾಯಿಂದ ದಿನಕ್ಕೆ 60ರಿಂದ 134 ಮಿಲಿಗ್ರಾಂ ಮಾರ್ಫಿನ್ ತೆಗೆದುಕೊಳ್ಳುವವರಿಗೆ ಗಂಟೆಗೆ 25 ಮೈಕ್ರೋಗ್ರಾಂನ ಪ್ಯಾಚ್. 135ರಿಂದ 224ಕ್ಕೆ 50. 225ರಿಂದ 314ಕ್ಕೆ 75. 315ರಿಂದ 404ಕ್ಕೆ 100. ಈ ಕೋಷ್ಟಕವನ್ನು ಉಲ್ಟಾ ಓದಬಾರದು ಅಂತ ಲೇಬಲ್ ಸ್ಪಷ್ಟವಾಗಿ ಹೇಳುತ್ತದೆ. ಯಾಕೆ ಅಂತ ನೋಡಿ. ಸಾಮಾನ್ಯವಾಗಿ ಬಳಸುವ 100:1 ಅನುಪಾತದಲ್ಲಿ 25ರ ಪ್ಯಾಚ್ ಅಂದರೆ ದಿನಕ್ಕೆ 0.6 ಮಿಲಿಗ್ರಾಂ ಫೆಂಟನಿಲ್, ಅಂದರೆ 60 ಮಿಲಿಗ್ರಾಂ ಮಾರ್ಫಿನ್. ಲೇಬಲ್ ಉಲ್ಟಾ ಓದಿದವರು ಅದೇ ಪ್ಯಾಚ್‌ಗೆ 134 ಅಂತ ಬರೆದುಬಿಡಬಹುದು. ಎರಡು ಪಟ್ಟಿಗೂ ಹೆಚ್ಚು.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ನಮ್ಮ 90 ಮಿಲಿಗ್ರಾಂ ರೋಗಿಗೆ 100:1ರಲ್ಲಿ ಲೆಕ್ಕ ಹಾಕಿದರೆ ಗಂಟೆಗೆ 37.5 ಮೈಕ್ರೋಗ್ರಾಂ ಬರುತ್ತದೆ. ಲೇಬಲ್ 25 ಅನ್ನುತ್ತದೆ. ಅಂದರೆ ಲೇಬಲ್‌ನ ಕೋಷ್ಟಕದಲ್ಲಿ ಕಡಿತ ಆಗಲೇ ಸೇರಿಕೊಂಡಿದೆ. ಅದರ ಮೇಲೆ ಆ್ಯಪ್ ಇನ್ನೊಂದು ಶೇಕಡ 25–50 ಕಡಿದರೆ ರೋಗಿ ನೋವಿನಲ್ಲಿ ನರಳಬೇಕಾಗುತ್ತದೆ. ಹಾಗಾಗಿ ಪ್ರತಿ ಸಾಲಿಗೆ "ಕಡಿತ ಒಳಗೇ ಸೇರಿದೆಯೇ" ಅನ್ನುವ ಹೌದು–ಇಲ್ಲ ಜಾಗ ಸೇರಿಸಿದೆವು. ಹೌದು ಅಂತಿದ್ದರೆ ಕಡಿತದ ಬಟನ್‌ಗಳೇ ಕಾಣುವುದಿಲ್ಲ. ಬದಲಿಗೆ ಒಂದು ಸಾಲಿನ ವಿವರಣೆ ಬರುತ್ತದೆ. ಡೋಸ್ ಲೆಕ್ಕದಲ್ಲಿ ಜನ ಯಾವಾಗಲೂ ಹೆದರೋದು ಜಾಸ್ತಿ ಆಗೋದಕ್ಕೆ. ಕಡಿಮೆ ಆಗೋದೂ ರೋಗಿಗೆ ಹಿಂಸೆಯೇ ಅಂತ ಗೆಳತಿ ಪದೇ ಪದೇ ನೆನಪಿಸುತ್ತಿದ್ದಳು.

ಜಂಕ್ಷನ್ ಬೇಡ ಅನ್ನೋದಕ್ಕೆ ಪ್ಯಾಚ್‌ನಲ್ಲೇ ಇನ್ನೊಂದು ಸಾಕ್ಷಿ ಇದೆ. ಅದೇ ಲೇಬಲ್‌ನಲ್ಲಿ ದಿನಕ್ಕೆ 30ರಿಂದ 67 ಮಿಲಿಗ್ರಾಂ ಆಕ್ಸಿಕೋಡೋನ್ ತೆಗೆದುಕೊಳ್ಳುವವರಿಗೂ 25ರ ಪ್ಯಾಚ್ ಇದೆ. ಒಂದೂವರೆ ಪಟ್ಟು ಅಂತ ಮಾರ್ಫಿನ್ ಮೂಲಕ ಹೋದರೆ 30 ಮಿಲಿಗ್ರಾಂ ಆಕ್ಸಿಕೋಡೋನ್ ಬರೀ 45 ಆಗುತ್ತದೆ. 60ಕ್ಕಿಂತ ಕಡಿಮೆ, ಹಾಗಾಗಿ ಪ್ಯಾಚ್ ಇಲ್ಲ ಅನ್ನುತ್ತದೆ. ಒಂದೇ ಲೇಬಲ್, ಎರಡು ದಾರಿ, ಎರಡು ಉತ್ತರ. ನೇರ ಸಾಲು ಇದ್ದಾಗ ನೇರ ಸಾಲನ್ನೇ ಬಳಸಬೇಕು. ಇಲ್ಲದಿದ್ದರೆ ಸುಮ್ಮನಿರಬೇಕು.

ಪ್ಯಾಚ್‌ನ ಕಾಲದ ಲೆಕ್ಕವನ್ನು ಆ್ಯಪ್ ಹಾಕುವುದಿಲ್ಲ, ಆದರೆ ನೆನಪಿಸುತ್ತದೆ. ಅಂಟಿಸಿದ ಮೇಲೆ ಪರಿಣಾಮ ಸಿಗಲು 12ರಿಂದ 24 ಗಂಟೆ ಬೇಕು. ತೆಗೆದ ಮೇಲೂ ಚರ್ಮದಡಿ ಉಳಿದ ಔಷಧಿ ಗಂಟೆಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಾಯಿಸುತ್ತಾರೆ. ಓಪಿಯಾಯ್ಡ್‌ಗೆ ಒಗ್ಗದವರಿಗೆ ಪ್ಯಾಚ್ ಹಾಕಲೇಬಾರದು. ಅದಕ್ಕೆ, ಕನಿಷ್ಠ ಒಂದು ವಾರದಿಂದ ದಿನಕ್ಕೆ 60 ಮಿಲಿಗ್ರಾಂ ಮಾರ್ಫಿನ್ ಅಥವಾ ಅದಕ್ಕೆ ಸಮನಾದದ್ದು ತೆಗೆದುಕೊಳ್ಳುತ್ತಿದ್ದಾರಾ ಅಂತ ಆ್ಯಪ್ ಮೊದಲೇ ಕೇಳುತ್ತದೆ. "ಇಲ್ಲ" ಒತ್ತಿದರೆ ಅಲ್ಲಿಗೇ ನಿಲ್ಲುತ್ತದೆ.

ಮೆಥಡೋನ್‌ಗೆ ಉತ್ತರವೇ ಇಲ್ಲ

ಹೆಚ್ಚು ವಾದ ನಡೆದದ್ದು ಇದರ ಮೇಲೆ. ಮೆಥಡೋನ್ ಅಗ್ಗದ, ಒಳ್ಳೆಯ ಔಷಧಿ. ಕಿಡ್ನಿ ತೊಂದರೆ ಇರುವವರಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಬಲ ಸ್ಥಿರವಾದದ್ದಲ್ಲ. ಹಿಂದಿನ ಮಾರ್ಫಿನ್ ಡೋಸ್ ಏರಿದಂತೆ ಅನುಪಾತವೂ ಏರುತ್ತದೆ. 1998ರ ಒಂದು ಅಧ್ಯಯನದ ನಂತರ ಬಳಕೆಗೆ ಬಂದ ಲೆಕ್ಕದಲ್ಲಿ 90 ಮಿಲಿಗ್ರಾಂವರೆಗೆ 4:1, 300ರವರೆಗೆ 8:1, ಅದಕ್ಕೂ ಮೇಲೆ 12:1. ಸಿಡಿಸಿ ಪಟ್ಟಿಯಲ್ಲಿ 2016ರಲ್ಲಿ ಡೋಸ್‌ಗೆ ತಕ್ಕಂತೆ 4ರಿಂದ 12ರವರೆಗೆ ಮೆಟ್ಟಿಲುಗಳಿದ್ದವು. 2022ರಲ್ಲಿ ಒಂದೇ ಸಂಖ್ಯೆ, 4.7. ಮೈಯಲ್ಲಿ ಅರ್ಧದಷ್ಟು ಇಳಿಯಲು ಲೇಬಲ್ ಪ್ರಕಾರ 8ರಿಂದ 59 ಗಂಟೆ. ಅಂದರೆ ಇವತ್ತು ಸರಿ ಅನ್ನಿಸಿದ ಡೋಸ್ ಮೂರನೇ, ನಾಲ್ಕನೇ ದಿನಕ್ಕೆ ಸೇರುತ್ತಾ ಸೇರುತ್ತಾ ಉಸಿರಾಟ ಕುಗ್ಗಿಸಬಹುದು. ಜೊತೆಗೆ ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗುವ, ಅಂದರೆ ಹೃದಯದ ಲಯ ತಪ್ಪಬಹುದಾದ, ಅಪಾಯ.

ನಾನು ಮೆಟ್ಟಿಲು ಕೋಷ್ಟಕವನ್ನು ಕೋಡ್ ಮಾಡಿ ತೋರಿಸಿದ್ದೆ. ಕೆಲಸ ಮಾಡುತ್ತಿತ್ತು. 90ಕ್ಕೆ 22.5, 91ಕ್ಕೆ 11.375 ಅಂತ ಬಂತು. ಒಂದು ಮಿಲಿಗ್ರಾಂ ಮಾರ್ಫಿನ್ ಜಾಸ್ತಿ ಆದರೆ ಮೆಥಡೋನ್ ಅರ್ಧಕ್ಕೆ ಇಳಿಯುತ್ತದಂತೆ! ಈ ಎರಡು ಸಾಲು ನೋಡಿದ್ದೇ ತಡ, ಗೆಳತಿ ಅದನ್ನು ತೆಗೆಸಿದಳು. ಅನುಭವ ಇರುವ ಡಾಕ್ಟರು ಆ ಸಂಖ್ಯೆಯನ್ನು ಒಂದು ಸುಳಿವು ಅಂತ ಮಾತ್ರ ನೋಡುತ್ತಾರೆ. ಅನುಭವ ಇಲ್ಲದವರು ಉತ್ತರ ಅಂತ ಓದುತ್ತಾರೆ. ಆ್ಯಪ್ ತೆರೆಯೋದು ಹೆಚ್ಚಾಗಿ ಎರಡನೆಯವರು.

ಈಗ ಮೆಥಡೋನ್ ಪಟ್ಟಿಯಲ್ಲಿದೆ, ಆಯ್ಕೆ ಮಾಡಬಹುದು. ಮಾಡಿದರೆ ಸಂಖ್ಯೆಯ ಜಾಗದಲ್ಲಿ ಕಾರಣ ಬರುತ್ತದೆ, ತಜ್ಞರನ್ನು ಕೇಳಿ ಅನ್ನುವ ಸೂಚನೆ ಬರುತ್ತದೆ. ಪಟ್ಟಿಯಿಂದಲೇ ತೆಗೆಯಬಹುದಿತ್ತಲ್ಲ ಅಂತ ಕೇಳಬಹುದು. ತೆಗೆದರೆ ಜನ ಇನ್ನೊಂದು ಆ್ಯಪ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಕ್ಕೇ ಸಿಗುತ್ತದೆ.

ಬುಪ್ರೆನಾರ್ಫಿನ್‌ಗೂ ಇದೇ ಗತಿ. ಅದು ಓಪಿಯಾಯ್ಡ್‌ಗಳು ಮೈಯಲ್ಲಿ ಅಂಟಿಕೊಳ್ಳುವ ಜಾಗಗಳನ್ನು (ರಿಸೆಪ್ಟರ್) ಅರ್ಧಂಬರ್ಧ ಪ್ರಚೋದಿಸುವ ಔಷಧಿ, ಆದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೇರೆ ಓಪಿಯಾಯ್ಡ್ ಮೈಯಲ್ಲಿ ತುಂಬಿರುವಾಗ ಕೊಟ್ಟರೆ ದಿಢೀರ್ ಅಂತ ವಿತ್‌ಡ್ರಾಯಲ್, ಅಂದರೆ ಔಷಧಿ ಒಮ್ಮೆಗೇ ನಿಂತಾಗ ಆಗುವಂಥ ಸಂಕಟ, ಶುರುವಾಗಬಹುದು. ಕೋಡೀನ್, ಟ್ರಮಡಾಲ್ ಎರಡನ್ನೂ "ಇದರಿಂದ" ಪಟ್ಟಿಯಲ್ಲಿ ಇಟ್ಟೆವು, "ಇದಕ್ಕೆ" ಪಟ್ಟಿಯಲ್ಲಿ ಇಡಲಿಲ್ಲ. ಬಲವಾದ ಔಷಧಿಯಿಂದ ಇವಕ್ಕೆ ಲೆಕ್ಕ ಹಾಕಿ ಇಳಿಯುವ ಪ್ರಸಂಗ ವಾರ್ಡ್‌ನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಇನ್ನೊಂದು ತೊಂದರೆ, ಕೋಡೀನ್ ಮೈಯಲ್ಲಿ ಮಾರ್ಫಿನ್ ಆಗಬೇಕಾದರೆ ಸಿವೈಪಿ2ಡಿ6 ಅನ್ನುವ ಕಿಣ್ವ ಬೇಕು. ಕೆಲವರಲ್ಲಿ ಅದು ಕೆಲಸ ಮಾಡುವುದಿಲ್ಲ, ಕೆಲವರಲ್ಲಿ ವಿಪರೀತ ಮಾಡುತ್ತದೆ. ಬಂದ ಉತ್ತರದ ಪಕ್ಕದಲ್ಲೇ ಈ ಮಾತು ಇದೆ. ಔಷಧಿ ಬದಲಾಯಿಸುವ ಪರದೆಯಲ್ಲಿ ಟ್ರಮಡಾಲ್‌ನಿಂದ ಹೋಗುವಾಗ ಕಡಿಮೆ ಇರುವ 0.1 ಇಟ್ಟೆವು, ಅಳೆಯುವ ಪರದೆಯಲ್ಲಿ 0.2. ಒಂದೇ ಆ್ಯಪ್‌ನಲ್ಲಿ ಒಂದೇ ಔಷಧಿಗೆ ಎರಡು ಸಂಖ್ಯೆ ನೋಡಿ ಫಾರ್ಮಸಿಸ್ಟ್ ಮೊದಲು ಹುಬ್ಬೇರಿಸಿದರು. ಆಮೇಲೆ ಒಪ್ಪಿದರು.

ಕೋಡ್‌ನ ಒಳಗೆ

ಇದು ಬ್ರೌಸರ್‌ನಲ್ಲಿ ಓಡುವ, ಫೋನ್‌ನಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಬಹುದಾದ ವೆಬ್ ಆ್ಯಪ್. ಜಾವಾಸ್ಕ್ರಿಪ್ಟ್. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಕೋಡ್, ಇಂಟರ್ನೆಟ್ ಇಲ್ಲದಿದ್ದರೂ ನಡೆಯಬೇಕು. ಅದಷ್ಟೇ ಕಾರಣ.

ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಡೋಸ್‌ನಲ್ಲಿ ಅಷ್ಟು ಸಣ್ಣ ವ್ಯತ್ಯಾಸದಿಂದ ಯಾರಿಗೂ ತೊಂದರೆ ಇಲ್ಲ. ಆದರೆ 134ಕ್ಕೆ ಒಂದು ಪ್ಯಾಚ್, 135ಕ್ಕೆ ಇನ್ನೊಂದು ಅನ್ನುವಂಥ ಗಡಿಗಳಲ್ಲಿ ಇದು ಆಟ ಆಡಬಹುದು. ಅದಕ್ಕೆ ಒಳಗೆಲ್ಲ ಮೈಕ್ರೋಗ್ರಾಂನಲ್ಲಿ ಪೂರ್ಣಾಂಕ. 22.5 ಮಿಲಿಗ್ರಾಂ ಅಂದರೆ 22500. ಅನುಪಾತಗಳೂ ಭಿನ್ನರಾಶಿ. 1.5 ಅಂತ ಬರೆಯದೆ 3 ಮತ್ತು 2 ಅಂತ, 3.7 ಬದಲು 37 ಮತ್ತು 10 ಅಂತ. ಭಾಗಾಕಾರ ಕೊನೆಯಲ್ಲಿ ಒಂದೇ ಸಲ.

ನಿಜವಾಗಿ ಭಯ ಹುಟ್ಟಿಸಿದ್ದು ಅಲ್ಪವಿರಾಮ. ಕೆಲವು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ. ಫೋನ್‌ನ ಪ್ರದೇಶ ಹಾಗೆ ಸೆಟ್ ಆಗಿದ್ದರೆ ಕೀಪ್ಯಾಡ್ ಕೂಡ ಅಲ್ಪವಿರಾಮವನ್ನೇ ತೋರಿಸಬಹುದು. "2,5" ಅನ್ನುವುದನ್ನು ಪಾರ್ಸ್‌ಫ್ಲೋಟ್‌ಗೆ (ಬರೆದದ್ದನ್ನು ಸಂಖ್ಯೆಯಾಗಿ ಓದುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಕೊಟ್ಟರೆ ಅದು ಮರುಮಾತಿಲ್ಲದೆ 2 ಅನ್ನುತ್ತದೆ. "1,000" ಕೊಟ್ಟರೆ 1. ಎರರ್ ಇಲ್ಲ, ಏನೂ ಇಲ್ಲ. ಹಾಗಾಗಿ ಆ ಫಂಕ್ಷನ್ನನ್ನು ಪೂರ್ತಿ ಕೈಬಿಟ್ಟು, ಅಕ್ಷರ ಅಕ್ಷರ ಓದುವ ಸಣ್ಣ ಪಾರ್ಸರ್ ಬರೆದೆ. ಅಂಕಿಗಳು ಮತ್ತು ಒಂದೇ ಒಂದು ಚುಕ್ಕಿ. ಬೇರೆ ಏನು ಬಂದರೂ ಲೆಕ್ಕ ಇಲ್ಲ, ಕೆಂಪು ಸಾಲು. ಕನ್ನಡ ಅಂಕಿಗಳೂ ಬರಬಹುದು ಅಲ್ವಾ? ೧೨ ಅಂತ ಹೊಡೆದರೆ ಜಾವಾಸ್ಕ್ರಿಪ್ಟ್‌ಗೆ ಅದು ಸಂಖ್ಯೆಯೇ ಅಲ್ಲ. ನಮ್ಮ ಪಾರ್ಸರ್ ಅದನ್ನು 12 ಅಂತ ಓದಿಕೊಳ್ಳುತ್ತದೆ. ತೋರಿಸುವಾಗ ಮಾತ್ರ ಯಾವಾಗಲೂ 12. ಮಾತ್ರೆಯ ಸ್ಟ್ರಿಪ್ ಮೇಲೆ ಇರುವ ಅಂಕಿ ಮತ್ತು ಪರದೆಯ ಅಂಕಿ ಒಂದೇ ಥರ ಕಾಣಬೇಕು.

ಸಂಖ್ಯೆ ತೋರಿಸುವುದಕ್ಕೂ ಔಷಧಿ ಸುರಕ್ಷತೆಯವರ ಹಳೆಯ ನಿಯಮಗಳಿವೆ. 5 ಅನ್ನುವುದನ್ನು 5.0 ಅಂತ ಬರೆಯಬಾರದು, ಚುಕ್ಕಿ ಕಾಣದಿದ್ದರೆ 50 ಆಗುತ್ತದೆ. ಅರ್ಧವನ್ನು .5 ಅಂತ ಬರೆಯಬಾರದು, 0.5 ಅನ್ನಬೇಕು. ಫೆಂಟನಿಲ್ ಪ್ಯಾಚ್ ತಯಾರಿಸುವವರು ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಾರೆ. ಅತಿ ಸಣ್ಣ ಪ್ಯಾಚ್ ನಿಜಕ್ಕೂ ಗಂಟೆಗೆ 12.5 ಮೈಕ್ರೋಗ್ರಾಂ ಬಿಡುತ್ತದೆ. ಆದರೆ ಅದನ್ನು 12 ಅಂತಲೇ ಕರೆಯುತ್ತಾರೆ. ಹಲವು ಪ್ಯಾಚ್ ಸೇರಿಸಿ 125 ಬರೆದಾಗ ಗೊಂದಲ ಆಗಬಾರದು ಅಂತ. ನಮ್ಮಲ್ಲೂ ಲೆಕ್ಕಕ್ಕೆ 12.5, ತೋರಿಸುವುದಕ್ಕೆ 12.

ಕನ್ನಡ ಪರದೆಗೆ ಅದರದೇ ತಲೆನೋವು. ಚಿಕ್ಕದಾಗಿ ಮಿ.ಗ್ರಾಂ, ಮೈ.ಗ್ರಾಂ ಅಂತ ಹಾಕಿದ್ದೆ. ಸಣ್ಣ ಫಾಂಟ್‌ನಲ್ಲಿ, ಮಂದ ಬೆಳಕಿನಲ್ಲಿ, ಎರಡಕ್ಕೂ ಇರುವ ವ್ಯತ್ಯಾಸ ಒಂದು ಗುಣಿತದ ಚಿಹ್ನೆ. ಔಷಧಿಯಲ್ಲಿ ಅದು ಸಾವಿರ ಪಟ್ಟು. ಎರಡನ್ನೂ ಪೂರ್ತಿ ಬಿಡಿಸಿ ಬರೆದು, ಮೈಕ್ರೋಗ್ರಾಂ ಇರುವ ಸಾಲಿಗೆ ಬೇರೆ ಹಿನ್ನೆಲೆ ಬಣ್ಣ ಕೊಟ್ಟೆ. ಇಂಗ್ಲಿಷ್‌ನಲ್ಲಿ ಹೈಡ್ರೋಮಾರ್ಫೋನ್ ಮತ್ತು ಮಾರ್ಫಿನ್ ಬೆರೆಯದಿರಲಿ ಅಂತ ಹೆಸರಿನ ಒಂದು ಭಾಗವನ್ನು ದೊಡ್ಡಕ್ಷರದಲ್ಲಿ ಬರೆಯುವ ಪದ್ಧತಿ ಇದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಎಲ್ಲಿಂದ ತರೋಣ? "ಹೈಡ್ರೋ" ಭಾಗವನ್ನು ದಪ್ಪ ಮಾಡಿ, ಪಟ್ಟಿಯಲ್ಲಿ ಎರಡನ್ನೂ ದೂರ ದೂರ ಇಟ್ಟೆ.

ಬೆರಳು, ಜೇಬು, ಮರೆವು

ಕಡಿತ ಎಷ್ಟು ಅಂತ ಆರಿಸಲು ಮೊದಲು ಸ್ಲೈಡರ್ ಇತ್ತು. ಹೆಬ್ಬೆರಳಿಗೆ ಅದು ನಿಲ್ಲುವುದೇ ಇಲ್ಲ. ಈಗ 25, 33, 50 ಅಂತ ಮೂರು ದೊಡ್ಡ ಬಟನ್. ಯಾವುದೂ ಮೊದಲೇ ಒತ್ತಿರುವುದಿಲ್ಲ. ಒತ್ತಿಟ್ಟಿದ್ದರೆ ಅದನ್ನೇ ಆ್ಯಪ್‌ನ ಸಲಹೆ ಅಂತ ಎಲ್ಲರೂ ಓದುತ್ತಾರೆ. ಯಾವುದನ್ನೂ ಆರಿಸದೆ ಇದ್ದರೆ ಪೂರ್ತಿ ವ್ಯಾಪ್ತಿ ಕಾಣುತ್ತದೆ, ಒಂದು ಸಂಖ್ಯೆ ಕಾಣುವುದಿಲ್ಲ.

ಮಾತ್ರೆಗೆ ಹೊಂದಿಸುವಾಗ ಬರೀ ಸಮೀಪದ ಸಂಖ್ಯೆಗೆ ಸರಿಸುವ ಕೋಡ್ ಸಾಲದು. ನಿಧಾನ ಬಿಡುಗಡೆಯ ಮಾತ್ರೆಯನ್ನು ಮುರಿಯಬಾರದು, ಪುಡಿ ಮಾಡಬಾರದು. ಮಾಡಿದರೆ 12 ಗಂಟೆಯ ಔಷಧಿ ಒಮ್ಮೆಗೇ ಮೈಗೆ ಹೋಗುತ್ತದೆ. ಅದಕ್ಕೆ ಪ್ರತಿ ಮಾತ್ರೆಗೂ "ಮುರಿಯಬಹುದೇ" ಅನ್ನುವ ಗುರುತು. ವ್ಯಾಪ್ತಿಯ ಒಳಗೆ ಬೀಳುವ ಜೋಡಣೆಗಳನ್ನಷ್ಟೇ ತೋರಿಸುತ್ತದೆ. ಯಾವುದೂ ಬೀಳದಿದ್ದರೆ ಅದಕ್ಕಿಂತ ಕೆಳಗಿನದು, "ವ್ಯಾಪ್ತಿಗಿಂತ ಕಡಿಮೆ" ಅನ್ನುವ ಪಟ್ಟಿ ಹಚ್ಚಿ. ಮೇಲಿನದನ್ನು ಎಂದೂ ತೋರಿಸುವುದಿಲ್ಲ. ಸ್ಟಾಕ್ ಇರುವ ಮಾತ್ರೆಗಳ ಪಟ್ಟಿಯನ್ನು ಫಾರ್ಮಸಿಸ್ಟ್ ತಿದ್ದಬಹುದು.

ಫೋನ್ ಜೇಬಿಗೆ ಹೋಗಿ ಹತ್ತು ನಿಮಿಷ ಬಿಟ್ಟು ಹೊರಗೆ ಬರುತ್ತದೆ. ಪರದೆಯಲ್ಲಿ ಹಿಂದಿನ ರೋಗಿಯ ಸಂಖ್ಯೆಗಳು ಹಾಗೇ ಇರುತ್ತವೆ. ಆ್ಯಪ್ ಹಿನ್ನೆಲೆಗೆ ಹೋದ ತಕ್ಷಣ ಎಲ್ಲ ಅಳಿಸಿಬಿಡೋಣ ಅಂದೆ. ಪರೀಕ್ಷಿಸಿದವರು ಒಪ್ಪಲಿಲ್ಲ. ಲೆಕ್ಕದ ನಡುವೆ ಫೋನ್ ಕರೆ ಬಂದರೆ ಮತ್ತೆ ಮೊದಲಿಂದ ತುಂಬಬೇಕು, ಹಾಗೆ ತುಂಬುವಾಗಲೇ ತಪ್ಪಾಗೋದು. ಅದೂ ಸರಿಯೇ. ಈಗ ವಾಪಸ್ ಬಂದಾಗ ಉತ್ತರ ಮಸುಕಾಗಿರುತ್ತದೆ, ತುಂಬಿದ ಸಂಖ್ಯೆಗಳು ಮಾತ್ರ ಕಾಣುತ್ತವೆ, "ಇದು ಅದೇ ರೋಗಿಯೇ?" ಅಂತ ಕೇಳುತ್ತದೆ. ಹೆಸರು, ನಂಬರ್ ಯಾವುದನ್ನೂ ಆ್ಯಪ್ ಕೇಳುವುದೂ ಇಲ್ಲ, ಇಟ್ಟುಕೊಳ್ಳುವುದೂ ಇಲ್ಲ.

ಆಫ್‌ಲೈನ್ ನಡೆಯುತ್ತದೆ ಅನ್ನುವುದರ ಇನ್ನೊಂದು ಮುಖ: ಹಳೆಯ ಕೋಷ್ಟಕ ಫೋನ್‌ನಲ್ಲೇ ಉಳಿದುಕೊಳ್ಳುತ್ತದೆ. 4 ಇದ್ದದ್ದು 5 ಆದರೂ ಅದಕ್ಕೆ ಗೊತ್ತಾಗುವುದಿಲ್ಲ. ಕೋಷ್ಟಕಕ್ಕೆ ಕೊನೆಯ ದಿನಾಂಕ ಹಾಕಿದೆವು. ಅದು ದಾಟಿದರೆ ಅಪ್‌ಡೇಟ್ ಆಗುವವರೆಗೆ ಲೆಕ್ಕ ಬಂದ್. ಒಂದು ತಿಂಗಳ ಮೊದಲಿಂದಲೇ ಎಚ್ಚರಿಕೆ ಬರುತ್ತದೆ.

ಪರೀಕ್ಷೆ

ಗೆಳತಿ ಮತ್ತು ಫಾರ್ಮಸಿಸ್ಟ್ ಬೇರೆ ಬೇರೆ ಕೂತು ಕಾಗದದ ಮೇಲೆ ಉದಾಹರಣೆಗಳನ್ನು ಬಿಡಿಸಿದರು. ಇಬ್ಬರ ಉತ್ತರ ಒಂದಾದವು ಮಾತ್ರ ಪರೀಕ್ಷೆಯ ಕಡತಕ್ಕೆ ಸೇರಿದವು. ಒಂದಾಗದವುಗಳ ಮೇಲೆ ಚರ್ಚೆ ನಡೆಯಿತು, ಅವುಗಳಲ್ಲಿ ಕೆಲವು "ಉತ್ತರ ಇಲ್ಲ" ಪಟ್ಟಿಗೆ ಹೋದವು.

ಇದರ ಮೇಲೆ ಯಂತ್ರವೇ ಸಾವಿರಾರು ಸಂಖ್ಯೆ ಹುಟ್ಟಿಸಿ ನೋಡುವ ಪರೀಕ್ಷೆಗಳು. ಹಳೆಯ ಡೋಸ್ ಏರಿದರೆ ಹೊಸ ಡೋಸ್ ಇಳಿಯಬಾರದು. ಇದೇ ನಿಯಮ ಮೆಥಡೋನ್ ಮೆಟ್ಟಿಲನ್ನು ಹಿಡಿಯುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಹೋಗಿ ವಾಪಸ್ ಬಂದರೆ ಹೊರಟದ್ದಕ್ಕಿಂತ ಜಾಸ್ತಿ ಆಗಬಾರದು. 90 ಮಾರ್ಫಿನ್‌ಗೆ 18 ಹೈಡ್ರೋಮಾರ್ಫೋನ್, 18ಕ್ಕೆ ವಾಪಸ್ 66.6. ಸರಿ. ಮಿಲಿಗ್ರಾಂನಲ್ಲಿ ಕೊಟ್ಟರೂ ಮೈಕ್ರೋಗ್ರಾಂನಲ್ಲಿ ಕೊಟ್ಟರೂ ಉತ್ತರ ಒಂದೇ ಇರಬೇಕು.

ಈ ಯಂತ್ರ ಪರೀಕ್ಷೆ ಕೊಟ್ಟ ಒಳ್ಳೆಯ ಉಡುಗೊರೆ 134.5. ಲೇಬಲ್‌ನಲ್ಲಿ ಒಂದು ಸಾಲು 134ಕ್ಕೆ ಮುಗಿಯುತ್ತದೆ, ಮುಂದಿನದು 135ಕ್ಕೆ ಶುರು. ನಡುವೆ ಬಿದ್ದರೆ? ಯಾವ ಸಾಲಿಗೂ ಸೇರದೆ ಕೋಡ್ ಖಾಲಿ ಉತ್ತರ ಕೊಟ್ಟಿತು. ಅಂಥದ್ದೆಲ್ಲ ಕೆಳಗಿನ ಸಾಲಿಗೆ ಸೇರಬೇಕು ಅಂತ ನಿಯಮ ಮಾಡಿದೆವು. 60ರ ಕೆಳಗೆ ಪ್ಯಾಚ್ ಇಲ್ಲ. ಲೇಬಲ್‌ನ ಕೋಷ್ಟಕ 100ರ ಆಚೆಗೂ ಹೋಗುತ್ತದೆ, ನಮ್ಮದು 404ಕ್ಕೆ ನಿಲ್ಲುತ್ತದೆ.

ಸದ್ಯಕ್ಕೆ ಆ್ಯಪ್ ಇರುವುದು ಪರೀಕ್ಷಿಸುತ್ತಿರುವ ಕೆಲವೇ ಡಾಕ್ಟರುಗಳ ಫೋನ್‌ನಲ್ಲಿ, ಕಾಗದದ ಲೆಕ್ಕದ ಜೊತೆಗೆ. ಎಲ್ಲರಿಗೂ ಬಿಡಬೇಕಾದರೆ ಕಾನೂನಿನ ದಾರಿ ಇದೆ. ಇಂಥ ಸಾಫ್ಟ್‌ವೇರ್ ಹಲವು ಕಡೆ ವೈದ್ಯಕೀಯ ಸಾಧನ ಅಂತಲೇ ಲೆಕ್ಕ. ಯುರೋಪಿನ 2017/745 ನಿಯಮಾವಳಿಯಲ್ಲಿ 11ನೇ ವರ್ಗೀಕರಣ ನಿಯಮದ ಪ್ರಕಾರ, ಚಿಕಿತ್ಸೆಯ ತೀರ್ಮಾನಕ್ಕೆ ಬಳಸುವ ಮಾಹಿತಿ ಕೊಡುವ ಸಾಫ್ಟ್‌ವೇರ್ ಕನಿಷ್ಠ 2ಎ ದರ್ಜೆಗೆ ಸೇರುತ್ತದೆ. ಕೊನೆಯಲ್ಲಿ "ಇದು ಮಾಹಿತಿಗಾಗಿ ಮಾತ್ರ" ಅಂತ ಒಂದು ಸಾಲು ಹಾಕಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಬಾಕಿ ಇರುವ ಕೆಲಸದಲ್ಲಿ ದೊಡ್ಡದು ಕಿಡ್ನಿ. ಈಗ "ಕಿಡ್ನಿ ತೊಂದರೆ ಇದೆಯೇ" ಅಂತ ಕೇಳಿ, ಹೌದು ಅಂದರೆ ಮಾರ್ಫಿನ್, ಕೋಡೀನ್ ಪಕ್ಕ ಎಚ್ಚರಿಕೆ ತೋರಿಸುತ್ತದೆ, ಅಷ್ಟೇ. ಲೆಕ್ಕದೊಳಗೆ ಅದನ್ನು ತರಬೇಕೋ, ಇಲ್ಲ ಅಲ್ಲೂ ಸಂಖ್ಯೆಯ ಜಾಗದಲ್ಲಿ ಕಾರಣ ಬರೆದು ನಿಲ್ಲಿಸಬೇಕೋ ಅಂತ ಗೆಳತಿ ಮತ್ತು ಫಾರ್ಮಸಿಸ್ಟ್ ನಡುವೆ ಇನ್ನೂ ಮಾತು ನಡೆಯುತ್ತಿದೆ. ಮಕ್ಕಳ ಡೋಸ್ ಇದರಲ್ಲಿ ಇಲ್ಲ, ಸೇರಿಸುವ ಯೋಚನೆಯೂ ಇಲ್ಲ. ವಯಸ್ಸು 18ರ ಕೆಳಗೆ ಅಂದರೆ ಮೊದಲ ಪರದೆಯಲ್ಲೇ ಮುಚ್ಚಿಕೊಳ್ಳುತ್ತದೆ.